ಅತ್ತೆಗೆ ತೋರಿಸಬೇಕಿದ್ದ ಫೋಟೋ

ನನಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೋ, ನನ್ನ ಮಿದುಳಿನದು. ಅದನ್ನು ಬೆಟಗೇರಿಯ ಮನೆಗೆ ತಂದು, ಅತ್ತೆಯ ಮುಂದೆ ಹಿಡಿದು, ನೋಡ್ರಿ, ನಾನು ಸೋಗು ಹಾಕಿಲ್ಲ ಎಂದು ಅವರ ಬಾಯಿ ಮುಚ್ಚಿಸಬೇಕಿತ್ತು. ಅಷ್ಟು ಸಿಟ್ಟಿತ್ತು ನನಗೆ.

ಎರಡು ವರ್ಷದಿಂದ ಮಗ್ಗದ ಮುಂದೆ ಕೂತರೆ ಸಾಕು, ಎದೆ ಡವಡವ ಹೊಡೆದುಕೊಂಡು ಕೈ ನಡುಗುತ್ತಿತ್ತು. ಉಳಿದ ಹೊತ್ತಿನಲ್ಲಿ ಊಟವೂ ಬೇಡ, ಮಾತೂ ಬೇಡ. ಗದಗಿನ ಡಾಕ್ಟರು ಖಿನ್ನತೆ, ಜೊತೆಗೆ ಆತಂಕ ಎಂದು ಹೇಳಿ ಗುಳಿಗೆ ಕೊಟ್ಟರು. ಗುಳಿಗೆಯಿಂದ ನನಗೆ ನಿದ್ದೆ ಬಂತು, ಅತ್ತೆಗೆ ನಂಬಿಕೆ ಬರಲಿಲ್ಲ. ಶಿರಹಟ್ಟಿಯಿಂದ ಬಂದಿದ್ದ ನನ್ನ ತವರಿನವರ ಎದುರಿಗೇ ಕೆಲಸಗಳ್ಳಿ ಎಂದುಬಿಟ್ಟರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹೀಗಿರುವಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳ ಮಿದುಳಿನ ಸ್ಕ್ಯಾನ್ ತೆಗೆದು ಸಂಶೋಧನೆ ಮಾಡುತ್ತಿದ್ದಾರೆ, ಹೋಗುತ್ತೀರಾ ಎಂದು ಡಾಕ್ಟರು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಹೂಂ ಅಂದೆ.

ಗಂಡನಿಗೆ ಬಿಡುವಿಲ್ಲದೆ ಅತ್ತೆಯೇ ಜೊತೆಗೆ ಬಂದರು. ಮೈಮೇಲೆ ಲೋಹ ಇರಬಾರದೆಂದು ಮೊದಲೇ ಹೇಳಿದ್ದರು. ತಾಳಿ ತೆಗೆಯುವುದೆಂದರೆ ಅತ್ತೆಗೆ ಜೀವ ಹೋದಂತೆ. ಬರಿಗೊರಳಲ್ಲಿ ಮಷೀನಿನೊಳಗೆ ಹೋಗಬಾರದೆಂದು ಅರಿಶಿಣದ ಕೊಂಬಿಗೆ ದಾರ ಕಟ್ಟಿ ತಾವೇ ನನ್ನ ಕೊರಳಿಗೆ ಹಾಕಿದ್ದರು. ನೇಕಾರರ ಮನೆಯಲ್ಲಿ ಮೊದಲು ಕೈಗೆ ಸಿಗುವುದು ಯಾವ ದಾರ? ಸೀರೆಯ ಜರಿ! ಅದರಲ್ಲಿ ತಾಮ್ರದ ಎಳೆ ಇರುತ್ತದೆ. ನರ್ಸ್ ಕಂಡವಳೇ ಕತ್ತರಿ ತಂದು ಕತ್ತರಿಸಿದಳು. ಅತ್ತೆಯ ಮುಖ ಸಪ್ಪಗಾಯಿತು. ತಮ್ಮ ಸೆರಗಿನ ತುದಿಯಿಂದ ಹತ್ತಿಯ ಎಳೆ ಹಿರಿದು ಕೊಂಬನ್ನು ಮತ್ತೆ ಕಟ್ಟಿದರು.

ಅರ್ಧ ತಾಸು ಮಷೀನಿನ ಕೊಳವೆಯೊಳಗೆ ಖಟಖಟ ಸದ್ದು ಕೇಳುತ್ತ ಅಲ್ಲಾಡದೆ ಮಲಗಿದ್ದೆ. ಹೊರಗೆ ಬಂದವಳೇ ಫೋಟೋ ಕೇಳಿದೆ. ಒಬ್ಬರದೇ ಚಿತ್ರ ನೋಡಿ ಈ ರೋಗವೆಂದು ಹೇಳಲು ಇನ್ನೂ ಬರುವುದಿಲ್ಲ, ಬಹಳ ಜನರ ಚಿತ್ರ ಕೂಡಿಸಿ ಗುರುತು ಹುಡುಕುತ್ತಿದ್ದೇವೆ ಎಂದರು ಅಲ್ಲಿನ ಡಾಕ್ಟರಮ್ಮ. ಮೇಲುನೋಟಕ್ಕೆ ನನ್ನ ಮಿದುಳು ಎಲ್ಲರದರಂತೆಯೇ ಇದೆಯಂತೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅಳು ಬಂತು.

ಅತ್ತೆ ಸುಮ್ಮನಿರುತ್ತಾರೆಯೇ? "ಹಂಗಾದ್ರ ಈಕಿಗೆ ಏನೂ ಆಗಿಲ್ಲೇನ್ರಿ?"

"ಆಗೇತ್ರಿ ಅಮ್ಮಾರ," ಎಂದರು ಡಾಕ್ಟರಮ್ಮ. "ಇವರು ಹೇಳಿದ್ದು ಖರೆ ಅಂತ ನಂಬೇ ಕರಸೀವಿ. ಮಷೀನ್ ಆಮ್ಯಾಲಿಂದು."

ಬಸ್ಸಿನಲ್ಲಿ ಗದಗ ಬರುವವರೆಗೂ ಅತ್ತೆ ನನ್ನ ತಾಳಿ ಕಟ್ಟಿದ್ದ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದರು. ಮನೆಯಲ್ಲಿ ಏನೆನ್ನುತ್ತಾರೋ ಎಂದು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡು ಕೂತಿದ್ದೆ. ಮನೆಗೆ ಬಂದೊಡನೆ ದೇವರ ಮುಂದೆ ಕೂಡಿಸಿ, ಸೆರಗಿನ ಗಂಟಿನಲ್ಲಿದ್ದ ತಾಳಿ ತೆಗೆದು ನನ್ನ ಕೊರಳಿಗೆ ಹಾಕಿದರು. ಹಾಕಿದ ಮೇಲೆ ಏಳಲಿಲ್ಲ.

"ಎದಿಯಾಗ ಎಲ್ಲಿ ಹಿಡೀತೈತಿ? ತೋರಸವಾ," ಎಂದರು.

ಅವರ ಕೈ ಹಿಡಿದು ನನ್ನ ಎದೆಯ ಮೇಲೆ ಇಟ್ಟುಕೊಂಡೆ. ಡವಡವ ಹೊಡೆದುಕೊಳ್ಳುತ್ತಿತ್ತು. ಅವರು ಕೈ ತೆಗೆಯಲಿಲ್ಲ.