ಯಡ್ತರೆಗೆ ಬಂದಿದ್ದ ನರ್ಸಮ್ಮ

ಮೊನ್ನೆ ತಮ್ಮನ ಕೂಸಿಗೆ ಚುಚ್ಚುಮದ್ದು ಹಾಕಿಸಲು ಬೈಂದೂರಿಗೆ ಹೋಗಿದ್ದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಯಡ್ತರೆಯ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ನರ್ಸಮ್ಮ ನೆನಪಾದರು.

ಕಡುಗಪ್ಪು ಮೈಬಣ್ಣ, ಗುಂಗುರು ಕೂದಲು… ಕನ್ನಡ ಮಾತಾಡಿದರೆ ಇಷ್ಟು ಬೇಗ ಹೇಗೆ ಕಲಿತಳು ಎಂದು ಊರಿಗೆ ಗುಮಾನಿ. ಸುಮ್ಮನಿದ್ದರೆ ಏನೋ ಮುಚ್ಚಿಡುತ್ತಾಳೆ ಎಂದು ಗುಮಾನಿ. ಅವರು ತಮ್ಮೂರಿಂದ ತಂದುಕೊಟ್ಟ ಜೇನನ್ನು ಅಮ್ಮ ನಗುತ್ತಲೇ ತೆಗೆದುಕೊಂಡು, ಆಮೇಲೆ ಬಚ್ಚಲಿಗೆ ಸುರಿದಿದ್ದಳು.

ಆ ವರ್ಷ ಮಕ್ಕಳ ಕಳ್ಳರ ಸುದ್ದಿ ಬೇರೆ ಹಬ್ಬಿತ್ತು. ಒಂದು ಮಧ್ಯಾಹ್ನ, ನಮ್ಮ ಕೇರಿಯ ಮೀನು ಮಾರುವವಳ ಕೂಸಿಗೆ ಜ್ವರ ಏರಿ ಫಿಟ್ಸ್ ಬಂತು. ತಾಯಿ ಮೀನು ಹೊತ್ತು ಶಿರೂರಿಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಕಣ್ಣು ಕಾಣದ ಅಜ್ಜಿ. ಅಜ್ಜಿಯ ಕೂಗು ಕೇಳಿ ಹೋದ ನರ್ಸಮ್ಮ ಕೂಸನ್ನು ಎತ್ತಿಕೊಂಡು ರಿಕ್ಷಾದತ್ತ ಓಡಿದರು. ಅಂಗಡಿ ಎದುರು ಗಂಡಸರು ಅಡ್ಡಗಟ್ಟಿದರು.

"ಹ್ವಾಯ್, ನೀ ಯಾವ್ ದೇಶದವ್ಳ್? ಮಗಿನ್ ಎಲ್ಲಿಗ್ ತಕಂಡ್ ಹೋತೆ?" ಎಂದ ಒಬ್ಬ.

"ಯಲ್ಲಾಪುರದವಳು ನಾನು, ಸಿದ್ದಿ ಜನಾಂಗ. ನಮ್ಮ ಅಜ್ಜನ ಅಜ್ಜನೂ ಅಲ್ಲೇ ಹುಟ್ಟಿದ್ದು. ಈಗ ದಾರಿ ಬಿಡಿ, ವಿಚಾರಣೆ ಆಮೇಲೆ ಮಾಡಿ."

ಯಾರೂ ಸರಿಯಲಿಲ್ಲ. ಇನ್ನೊಬ್ಬ ಅವರ ರಟ್ಟೆ ಹಿಡಿದ. ಅಷ್ಟರಲ್ಲಿ ಅಮ್ಮ ಗುಂಪಿನೊಳಗೆ ನುಗ್ಗಿ, ತಾನೂ ಜೊತೆಗೆ ಹೋಗುತ್ತೇನೆಂದು ಹೇಳಿ ರಿಕ್ಷಾ ಹತ್ತಿದಳು. ನಂಬಿ ಹತ್ತಿದ್ದಲ್ಲ, ಕಾವಲಿಗೆ. ಆಸ್ಪತ್ರೆ ಮುಟ್ಟುವವರೆಗೂ ಕೂಸಿನ ಕಾಲು ಬಿಟ್ಟಿರಲಿಲ್ಲವಂತೆ…

ಕೂಸು ಉಳಿಯಿತು. ಮರುದಿನ ಅಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ಪಕ್ಕದ ಮನೆಗೆ ಹೋದಳು. ನರ್ಸಮ್ಮ ಹಣ್ಣು ತೆಗೆದುಕೊಂಡು, ಮೆಲ್ಲಗೆ ಕೇಳಿದರು: "ಅಕ್ಕಾ, ಕೂಸು ಉಳೀದೆ ಹೋಗಿದ್ರೆ ನನ್ನ ಏನು ಮಾಡ್ತಿದ್ರಿ?"



ವರ್ಷ ತುಂಬುವ ಮೊದಲೇ ಅವರು ವರ್ಗ ಮಾಡಿಸಿಕೊಂಡು ಹೋದರು. ಹೋಗುವವರೆಗೂ ಮನೆಮನೆ ತಿರುಗಿ ಲಸಿಕೆ ಹಾಕಿದರು. ಆದರೆ ಯಾವ ಕೂಸನ್ನೂ ತಾವಾಗಿ ಎತ್ತಿಕೊಳ್ಳಲಿಲ್ಲ. ತಾಯಿಯ ಮಡಿಲಲ್ಲೇ ಇಟ್ಟುಕೊಳ್ಳಲು ಹೇಳಿ, ಬಗ್ಗಿ ಸೂಜಿ ಹಾಕುತ್ತಿದ್ದರು.

ಮೊನ್ನೆ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರಲ್ಲಿ ನರ್ಸಮ್ಮನ ಬಗ್ಗೆ ಕೇಳಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತಂತೆ… ಹೇಳಲು ಅಮ್ಮನೂ ಈಗಿಲ್ಲ. ಬರುವ ದಾರಿಯಲ್ಲಿ ಅಂದಿನ ಆ ಕೂಸು ಸಿಕ್ಕಿದ, ಈಗ ಬೋಟಿಗೆ ಹೋಗುವ ಹುಡುಗ. ನರ್ಸಮ್ಮನ ಸುದ್ದಿ ಅವನಿಗೆ ತಿಳಿಸಿದೆ.

"ಯಾರ್, ನನ್ನ್ ಉಳ್ಸಿದ್ ಆಫ್ರಿಕದ್ ನರ್ಸಾ?" ಎಂದ.

"ಆಫ್ರಿಕ ಅಲ್ಲ ಮಾರಾಯ, ಯಲ್ಲಾಪುರ."

ಅವನು ನನ್ನ ಮುಖವನ್ನೇ ನೋಡಿದ. ನಂಬಿದ ಹಾಗೆ ಕಾಣಲಿಲ್ಲ.