ಹನ್ನೆರಡನೇ ಗುಂಡಿ

ಬೆಳಗಿನ ಐದೂಕಾಲು. ಬೇಕರಿಯ ಹಿಂಬಾಗಿಲು ಬಿಟ್ಟರೆ ಇಡೀ ಬೀದಿಯಲ್ಲಿ ತೆರೆದ ಬಾಗಿಲಿಲ್ಲ. ರಸ್ತೆಯ ನಡುವೆ ಐವತ್ತಾರರ ಮನುಷ್ಯರೊಬ್ಬರು ಕಾಲು ಅಗಲಿಸಿ ನಿಂತಿದ್ದಾರೆ. ಕಿವಿಯೆತ್ತರದ ಉಕ್ಕಿನ ಸರಳೊಂದನ್ನು ಡಾಂಬರಿಗೆ ಊರಿ, ಅದರ ಮೇಲ್ತುದಿಯ ಮರದ ಬಟ್ಟಲಿಗೆ ಬಲಗಿವಿ ಒತ್ತಿದ್ದಾರೆ. ಕಣ್ಣು ಮಾತ್ರ ಎದುರು ಮನೆಯ ಬಾಗಿಲ ಮೇಲಿನ ನಲವತ್ತೇಳು ಎಂಬ ಸಂಖ್ಯೆಯಲ್ಲಿ ನೆಟ್ಟಿದೆ. ಮೊದಲೆಲ್ಲ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಈಗ ಮುಚ್ಚಿದರೆ ಬೀಳುತ್ತಾರೆ.

ನೆಲದಡಿಯ ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು ಇವರ ಕೆಲಸ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದೊಂದನ್ನೇ ಮಾಡುತ್ತಿದ್ದಾರೆ. ಒಡೆದ ಕೊಳವೆಯಿಂದ ನೀರು ನುಗ್ಗುವಾಗ ಸುಯ್ಯೆಂಬ ಸಣ್ಣ ಸದ್ದು ಬರುತ್ತದೆ. ಗಾಡಿಗಳು ಓಡಾಡತೊಡಗಿದರೆ ಅದು ಸತ್ತ ಹಾಗೆ. ಹಾಗಾಗಿ ಊರು ಏಳುವ ಮುಂಚೆಯೇ ದಿನಕ್ಕೆ ಆರು ಕಿಲೋಮೀಟರು ನಡೆದು, ನೂರ ನಲವತ್ತು ಕಡೆ ಕೋಲು ಊರಬೇಕು. ಸಿಕ್ಕಲ್ಲಿ ಸೀಮೆಸುಣ್ಣದಿಂದ ಒಂದು ಕತ್ತರಿ ಗುರುತು. ಅಗೆಯುವ ತಂಡದವರು ಅವರನ್ನು ಕರೆಯುವುದು ಕಿವಿಯಣ್ಣ ಎಂದು. ನಲ್ಲಿ ತಿರುಗಿಸುವ ಜನಕ್ಕೆ ಇಂಥದೊಂದು ಕೆಲಸ ಇದೆ ಎಂಬುದೇ ಗೊತ್ತಿಲ್ಲ.

ಈ ಬೀದಿಯಲ್ಲಿ ಒಂದು ವಾರದಿಂದ ಮೂರನೇ ಮಹಡಿಗೆ ನೀರು ಹತ್ತುತ್ತಿಲ್ಲ. ಇಂದು ಕಿವಿಯಣ್ಣ ಗುರುತು ಹಾಕಬೇಕು. ಅಗೆದ ಗುಂಡಿ ಒಣಗಿದ್ದರೆ ನಾಳೆಯಿಂದ ಅವರಿಗೆ ರಸ್ತೆಯಿಲ್ಲ. ಕಚೇರಿಯ ಉಗ್ರಾಣದಲ್ಲಿ ಒಂದು ಕುರ್ಚಿ. ಅಧಿಕಾರಿ ಮೊದಲೇ ಹೇಳಿಟ್ಟಿದ್ದಾರೆ.

ಎರಡು ವರ್ಷದ ಹಿಂದೆ ಅವರ ಬೆರಳುಗಳು ಮರಗಟ್ಟತೊಡಗಿದವು. ಕೋಲು ಕೈಜಾರುತ್ತಿತ್ತು. ಚಳಿಗೆ ಹೀಗಾಗುತ್ತೆ ಎಂದು ಆರು ತಿಂಗಳು ತಳ್ಳಿದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದ ದಿನ ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಕತ್ತಿನ ಕೆಳಗೆ, ಬೆನ್ನುಹುರಿಗೆ ಅಂಟಿಕೊಂಡು ಗೋಲಿ ಗಾತ್ರದ ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಕೈಕಾಲು ಹೋಗುತ್ತದೆ ಎಂದರು ವೈದ್ಯರು. ಏಳು ಗಂಟೆಯ ಶಸ್ತ್ರಚಿಕಿತ್ಸೆ. ಗಡ್ಡೆ ಹೊರಬಂತು, ಬೆರಳುಗಳ ಹಿಡಿತವೂ ತಿರುಗಿ ಬಂತು.

ಹತ್ತನೇ ದಿನ ಎದ್ದು ಕೂತರೆ ತಲೆ ಒಡೆಯುವಂಥ ನೋವು, ಎರಡೂ ಕಿವಿಗೆ ಹತ್ತಿ ತುರುಕಿದ ಹಾಗೆ, ಕೋಣೆ ಗರಗರ ತಿರುಗುತ್ತದೆ. ಮಲಗಿದರೆ ಏನೂ ಇಲ್ಲ. ಬೆನ್ನುಹುರಿಯ ಸುತ್ತಲಿನ ಪೊರೆಗೆ ಹಾಕಿದ ಹೊಲಿಗೆ ಬಿಟ್ಟು, ಒಳಗಿನ ದ್ರವ ಜಿನುಗುತ್ತಿತ್ತು. ಅದು ಕಡಿಮೆಯಾದರೆ ಕಿವಿಯೊಳಗಿನ ಒತ್ತಡವೂ ಏರುಪೇರಾಗುತ್ತದೆಯಂತೆ. ಇದನ್ನು ವೈದ್ಯರು ವಿವರಿಸಿದಾಗ ಹೆಂಡತಿಗೆ ಅಳುವ ಬದಲು ನಗು ಬಂದುಬಿಟ್ಟಿತು. ಅವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲೇ ಕೆಲಸ ಮಾಡುವವರು, ಮಾತಿಗೆ ಹಿಂದೆಮುಂದೆ ನೋಡುವವರಲ್ಲ. ಊರಿನ ಸೋರಿಕೆಯನ್ನೆಲ್ಲ ಹಿಡಿದವರು ತಮ್ಮ ಬೆನ್ನಿನದು ಹತ್ತು ದಿನ ಇಟ್ಟುಕೊಂಡರಲ್ಲ ಎಂದು ವಾರ್ಡಿನ ಮುಂದೆಯೇ ಹಂಗಿಸಿದರು.

ವೈದ್ಯರು ಬೆನ್ನನ್ನು ಮತ್ತೆ ತೆರೆದು ಹೊಲಿದರು. ತಲೆನೋವು ಹೋಯಿತು, ಬಲಗಿವಿ ತಿಳಿಯಾಯಿತು. ಎಡಗಿವಿ ಅರ್ಧ ಕೇಳಿಸುತ್ತದೆ, ಜತೆಗೆ ಹಗಲೂ ರಾತ್ರಿ ಸುಯ್ಯೆನ್ನುತ್ತದೆ. ತಲೆ ಥಟ್ಟನೆ ತಿರುಗಿಸಿದರೆ ನೆಲ ವಾಲುತ್ತದೆ. ಇದು ಪೂರ್ತಿ ಹೋಗುವ ಭರವಸೆ ಕೊಡಲಾರೆ, ಒಗ್ಗಿಸಿಕೊಳ್ಳಬೇಕು ಎಂದರು ಕಿವಿಯ ವೈದ್ಯರು.

ಒಗ್ಗಿಸಿಕೊಳ್ಳುವುದು ಎಂದರೆ ಇಷ್ಟು: ಮನೆಯ ಮುಂದಿನ ಓಣಿಯಲ್ಲಿ ದಿನಕ್ಕೆ ನಲವತ್ತು ಸುತ್ತು, ಒಂದೇ ಗೆರೆಯ ಮೇಲೆ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ನಡೆಯುವುದು. ಪಕ್ಕದ ಮನೆಯಾಕೆ ಮೊದಲ ವಾರ ಇವರು ತನಗೇ ‘ಬೇಡ ಬೇಡ’ ಅನ್ನುತ್ತಿದ್ದಾರೆಂದು ತಿಳಿದು ಬಾಗಿಲು ಹಾಕಿಕೊಂಡಿದ್ದರಂತೆ. ಸ್ನಾನದಲ್ಲಿ ಮುಖಕ್ಕೆ ಸೋಪು ಹಚ್ಚಿದಾಗ ಒಂದು ಕೈ ನಲ್ಲಿಯ ಮೇಲಿರಬೇಕು. ಒಮ್ಮೆ ಮರೆತು ಹಲ್ಲು ಮುರಿದುಕೊಂಡರು. ಬಗ್ಗಿದರೆ ತಲೆ ಸುತ್ತುತ್ತದೆಂದು ಬೆಸುಗೆ ಅಂಗಡಿಯಲ್ಲಿ ಕೋಲನ್ನು ಎರಡು ಗೇಣು ಉದ್ದ ಮಾಡಿಸಿದರು. ಆದರೆ ದೊಡ್ಡ ಕಷ್ಟ ಬೇರೆಯೇ ಇತ್ತು. ಅಲ್ಲಿಯವರೆಗೆ ಅಷ್ಟು ವರ್ಷ ಕೇಳಿದ್ದೆಲ್ಲ ಎಡಗಿವಿಯಲ್ಲಿ.

“ಎಡಗಿವಿ ಓದಿಕೊಂಡಿತ್ತು, ಬಲಗಿವಿ ಶಾಲೆ ಮೆಟ್ಟಿಲೇ ಹತ್ತಿರಲಿಲ್ಲ” ಎನ್ನುತ್ತಾರೆ. “ಐವತ್ತೈದನೇ ವಯಸ್ಸಲ್ಲಿ ಅದಕ್ಕೆ ಅಕ್ಷರ ಕಲಿಸ್ದೆ.”

ಕಲಿಕೆಯಲ್ಲೇ ಎಡವಿದರು. ಐದು ತಿಂಗಳ ಹಿಂದೆ ಚಪ್ಪಲಿ ಅಂಗಡಿಯೊಂದರ ಮುಂದೆ ಗುರುತು ಹಾಕಿದರು. ತಂಡ ಆರಡಿ ಅಗೆಯಿತು. ಕೊಳವೆ ಗಟ್ಟಿಮುಟ್ಟಾಗಿ ಒಣಗಿ ಕೂತಿತ್ತು. ಎರಡು ದಿನ ರಸ್ತೆ ಬಂದ್. ಮನೆಗೆ ಬಂದು ಊಟಕ್ಕೆ ಕೂತಾಗ ಅದೇ ಸದ್ದು, ಅದೇ ಶ್ರುತಿ, ತಟ್ಟೆಯ ಮುಂದೆಯೂ ಕೇಳಿಸಿತು. ಅಗೆಸಿದ್ದು ತಮ್ಮ ಕಿವಿಯ ಸದ್ದನ್ನು ಎಂದು ಆಗ ತಿಳಿಯಿತು. ಮರುದಿನ ತಾವೇ ಹೋಗಿ ಹೇಳಿದರು. ಅಧಿಕಾರಿ ಬೈಯಲಿಲ್ಲ. ರಸ್ತೆ ಅಗೆದರೆ ಜನ ತಮ್ಮ ಕುತ್ತಿಗೆ ಹಿಡಿಯುತ್ತಾರೆ, ಇನ್ನೊಂದು ಒಣಗುಂಡಿಯಾದರೆ ಉಗ್ರಾಣ ಎಂದಷ್ಟೇ ಹೇಳಿದರು.

ಅಲ್ಲಿಂದಾಚೆಗೆ ಕಿವಿಯಣ್ಣ ತಮ್ಮ ಸದ್ದನ್ನು ಕಲಿಯಲು ಕೂತರು. ಕೋಲು ಎತ್ತಿ, ಸದ್ದು ನಿಲ್ಲುತ್ತದೆಯೇ ಎಂದು ನೋಡಿದರೆ ಸಾಲದು, ಏಕೆಂದರೆ ಬಟ್ಟಲಿಗೆ ಕಿವಿ ಒತ್ತಿದಾಗ ಹೊರಗಿನ ಗಲಾಟೆ ಮುಚ್ಚಿ ಒಳಗಿನ ಸುಯ್ಯೇ ಜೋರಾಗುತ್ತದೆ. ಅದನ್ನು ನೀರೆಂದು ನಂಬುವುದು ಸುಲಭ. ಹಾಗಾಗಿ ನಡೆಯಬೇಕು. ಹತ್ತು ಹೆಜ್ಜೆ ಈಚೆ, ಹತ್ತು ಹೆಜ್ಜೆ ಆಚೆ, ರಸ್ತೆಯ ಎರಡೂ ಬದಿ. “ನನ್ನ ಸದ್ದು ನಾನು ಹೋದಲ್ಲೆಲ್ಲ ಬರುತ್ತೆ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ನೀರಿನ ಸದ್ದು ಇದ್ದಲ್ಲೇ ಇರುತ್ತೆ. ದೂರ ಹೋದ್ರೆ ಸಣ್ಣಗಾಗ್ಲೇಬೇಕು.” ಸದ್ದು ಸಿಕ್ಕ ಜಾಗವನ್ನು ಖಚಿತಪಡಿಸಿಕೊಳ್ಳಲು ಮೊದಲು ಐದು ನಿಮಿಷ ಸಾಕಿತ್ತು, ಈಗ ಇಪ್ಪತ್ತು ಬೇಕು. ಹಾಗಾಗಿ ಒಂದು ಗಂಟೆ ಮುಂಚೆ ಮನೆ ಬಿಡುತ್ತಾರೆ. ಈ ಐದು ತಿಂಗಳಲ್ಲಿ ಹನ್ನೊಂದು ಗುಂಡಿ. ಹನ್ನೊಂದರಲ್ಲೂ ನೀರು.

ಇಂದು ಹನ್ನೆರಡನೆಯದು. ನಾಲ್ಕನೇ ಸಲ ರಸ್ತೆ ದಾಟುವಾಗ ನೆಲ ವಾಲುತ್ತದೆ. ಕೋಲು ಹಿಡಿದೇ ಮೆಲ್ಲಗೆ ಕುಕ್ಕರಿಸುತ್ತಾರೆ. ಹಾಲಿನ ವ್ಯಾನಿನವನೊಬ್ಬ ನಿಧಾನಿಸಿ, ಇಷ್ಟು ಬೆಳಿಗ್ಗೆಯೇ ಏರಿಸಿಕೊಂಡಿದ್ದೀರಾ ಎಂದು ಕೇಳಿ ಹೋಗುತ್ತಾನೆ. ಕಿವಿಯಣ್ಣ ನಲವತ್ತೇಳನ್ನೇ ನೋಡುತ್ತಿದ್ದಾರೆ. ಸಂಖ್ಯೆ ಅಲುಗಾಡುವುದು ನಿಂತ ಮೇಲೆ ಎದ್ದು, ಮತ್ತೆರಡು ಸಲ ಕೇಳಿ, ಎಡಬದಿಯಲ್ಲಿ ಗುರುತು ಹಾಕುತ್ತಾರೆ.

ಆರೂವರೆಗೆ ಅಗೆಯುವ ತಂಡ ಬರುತ್ತದೆ. ಅದರ ಮೇಸ್ತ್ರಿ ಐವತ್ತು ದಾಟಿದ ಹೆಂಗಸು, ಎಲ್ಲರಿಗೂ ಅಕ್ಕ. ಕಚೇರಿಯ ನಕ್ಷೆ ಬಿಡಿಸಿ ನೋಡಿದವರೇ ಹುಬ್ಬು ಗಂಟಿಕ್ಕುತ್ತಾರೆ. ನಕ್ಷೆಯಲ್ಲಿ ಕೊಳವೆ ಇರುವುದು ಬಲಬದಿಯಲ್ಲಿ.

“ನಕ್ಷೆ ಬರೆದವ್ರು ಇಲ್ಲಿ ನಡೆದಿಲ್ಲ ಅಕ್ಕ” ಎನ್ನುತ್ತಾರೆ ಕಿವಿಯಣ್ಣ.

ಡಾಂಬರು ಏಳುತ್ತದೆ. ಒಂದಡಿ, ಎರಡಡಿ, ಮೂರಡಿ. ಬರುವ ಮಣ್ಣು ಬಿಸ್ಕತ್ತಿನ ಪುಡಿಯ ಹಾಗೆ ಒಣಗಿದೆ. ಮಹಡಿಗಳ ಕಿಟಕಿಯಲ್ಲಿ ಹಲ್ಲುಜ್ಜುವ ಮುಖಗಳು ಕಾಣಿಸಿಕೊಳ್ಳುತ್ತವೆ. ಅಕ್ಕ ಕೈಯೆತ್ತಿ ಕೆಲಸ ನಿಲ್ಲಿಸಿ, ಕಿವಿಯಣ್ಣನನ್ನು ಪಕ್ಕಕ್ಕೆ ಕರೆಯುತ್ತಾರೆ. ಇದನ್ನು ಮುಚ್ಚಿ ನಕ್ಷೆ ಹೇಳಿದ ಕಡೆ ಅಗೆಯೋಣ, ವರದಿಯಲ್ಲಿ ಒಂದೇ ಗುಂಡಿಯೆಂದು ಬರೆಯುತ್ತೇನೆ, ನಮ್ಮವರು ಯಾರೂ ಬಾಯಿ ಬಿಡುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹತ್ತು ವರ್ಷದ ಸ್ನೇಹದ ಮಾತು ಅದು.

ಕಿವಿಯಣ್ಣ ಗುಂಡಿಯ ಅಂಚಿನಲ್ಲಿ ಕೂತು ಕೋಲಿನ ತುದಿಯನ್ನು ತಳಕ್ಕೆ ತಾಗಿಸಿ ಕೇಳುತ್ತಾರೆ. ಅಲ್ಲಿಂದ ಬೇಕರಿಯವರೆಗೆ ನಡೆದು ಮತ್ತೆ ಕೇಳುತ್ತಾರೆ. ವಾಪಸು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ತಲೆ ಅಲುಗದಂತೆ, ತುಂಬಿದ ಕೊಡ ಹೊತ್ತವರ ಹಾಗೆ ನಡೆಯುತ್ತಾರೆ.

“ಗುರುತು ಹಾಕಿದ್ದು ನಾನು. ಅಲ್ಲೇ ಅಗೀರಿ.”

“ಒಣಗಿದ್ರೆ?”

“ಒಣಗಿದ್ರೆ ಒಣಗುಂಡಿ ಅಂತ್ಲೇ ಬರೀರಿ.”

ನಾಲ್ಕೂವರೆ ಅಡಿಯಲ್ಲಿ ಪಿಕಾಸಿಯ ಮೊನೆ ಕಪ್ಪಾಗಿ ಮೇಲೆ ಬರುತ್ತದೆ. ಮುಂದಿನ ಏಟಿಗೆ ಕೆಸರು. ಕೈಯಲ್ಲೇ ಮಣ್ಣು ಬಳಿದರೆ ಕೊಳವೆಯ ಕೀಲಿನಲ್ಲಿ ಎರಡು ಬೆರಳಗಲದ ಬಿರುಕು. ಕೆಳಗಿದ್ದ ಪಾಳು ಚರಂಡಿಯೊಂದು ಅಷ್ಟೂ ನೀರನ್ನು ಸದ್ದಿಲ್ಲದೆ ಕುಡಿಯುತ್ತಿತ್ತು, ಅದಕ್ಕೇ ಮೇಲಿನ ಮಣ್ಣು ನೆನೆದಿರಲಿಲ್ಲ. ಅಕ್ಕ ಕೆಸರುಗೈಯಲ್ಲೇ ಕಿವಿಯಣ್ಣನ ಬೆನ್ನಿಗೆ ಗುದ್ದಲು ಹೋಗಿ, ಅಲ್ಲಿ ಹೊಲಿಗೆ ಹಾಕಿದ್ದು ನೆನಪಾಗಿ, ತೋಳಿಗೆ ಗುದ್ದುತ್ತಾರೆ.

ಎಂಟು ಗಂಟೆಗೆ ಅಧಿಕಾರಿ ಬಂದು ಗುಂಡಿ ನೋಡುತ್ತಾರೆ, ನಕ್ಷೆ ನೋಡುತ್ತಾರೆ, ಮತ್ತೆ ಗುಂಡಿ ನೋಡುತ್ತಾರೆ. ಹೊಗಳುವ ಅಭ್ಯಾಸ ಅವರಿಗಿಲ್ಲ. ಉಗ್ರಾಣದ ಕುರ್ಚಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎನ್ನುತ್ತಾರೆ. ಹೊರಡುವ ಮುಂಚೆ, ರಸ್ತೆ ದಾಟುವಾಗ ಕೈ ಹಿಡಿಯಲು ಒಬ್ಬರನ್ನು ಕೊಡಲೇ ಎಂದು ಕೇಳುತ್ತಾರೆ.

“ಕೈ ಹಿಡಿಯೋಕೆ ಬೇಡ ಸಾರ್. ಬರ್ಕೊಳ್ಳೋಕೆ ಒಬ್ರನ್ನ ಕೊಡಿ” ಎನ್ನುತ್ತಾರೆ ಕಿವಿಯಣ್ಣ, ಕೋಲಿನ ತುದಿಯ ಮಣ್ಣು ಒರೆಸುತ್ತ. “ಮುನ್ನೂರ ಹನ್ನೆರಡು ಬೀದಿ ಇದೆ. ಪೈಪು ಯಾವ ಕಡೆ ಹೋಗಿದೆ, ಎಲ್ಲಿ ತಿರುಗಿದೆ ಅಂತ ನಕ್ಷೇಲಿಲ್ಲ, ನಂಗೊತ್ತು. ವಾರಕ್ಕೆ ಎರಡು ಬೀದಿ ಬರ್ಕೊಂಡ್ರೆ ಮೂರು ವರ್ಷ ಸಾಕು. ನನ್ನ ನಿವೃತ್ತಿಗೆ ನಾಲ್ಕಿದೆ. ಒಂದು ವರ್ಷ ಕೈಲಿ ಉಳಿಯುತ್ತೆ, ತಪ್ಪಾಗಿದ್ರೆ ತಿದ್ದೋಕೆ.”