‘ಒತ್ತಕ್ಷರ’ ಯಾರ ಬಳಿ ಇತ್ತು?

ಓದಲು ಕೂರುವ ಮುನ್ನ ಸರೋಜಮ್ಮನವರು ಕೈ ತೊಳೆಯುತ್ತಾರೆ. ಬೆರಳುಗಳನ್ನು ಸೆರಗಿನಲ್ಲಿ ಒಂದೊಂದಾಗಿ ಒರೆಸಿ, ಒದ್ದೆಯಿಲ್ಲವೆಂದು ಕೆನ್ನೆಗೆ ತಾಗಿಸಿ ನೋಡಿಕೊಂಡ ಮೇಲಷ್ಟೇ ಅವರ ಕೈ ಕಾಗದದ ಮೇಲೆ ಇಳಿಯುವುದು. ಪೀಣ್ಯದಲ್ಲಿ ಲೇತ್ ಯಂತ್ರಗಳ ಶೆಡ್ಡೊಂದರ ಮೇಲ್ಮಹಡಿಯಲ್ಲಿ, ಅಂಧ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಹಾಕುವ ನಮ್ಮ ಪುಟ್ಟ ಘಟಕದಲ್ಲಿ ಕರಡು ತಿದ್ದುವವರು ಅವರು. ಹುಟ್ಟಿನಿಂದಲೇ ಕಣ್ಣು ಕಾಣದವರು. ನಾನೋ, ಹತ್ತು ವರ್ಷ ಅಂಥದೇ ಶೆಡ್ಡಿನಲ್ಲಿ ಸ್ವಿಚ್ಚು ಜೋಡಿಸುತ್ತಿದ್ದು, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು, ಪ್ರೋಗ್ರಾಮ್ ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿ ಸೇರಿದವಳು.

ಸೇರಿದ ಮೂರೇ ತಿಂಗಳಿಗೆ ಹಳೆಯ ಕಂಪ್ಯೂಟರ್ ಕೆಟ್ಟಿತು. ಕನ್ನಡ ಪಠ್ಯವನ್ನು ಬ್ರೈಲ್ ಚುಕ್ಕಿಗಳಾಗಿ ಬದಲಿಸುವ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಬೇಕಿತ್ತು. ಸೋಮವಾರ ಶಾಲೆ ಶುರು. ಮೂರನೇ ತರಗತಿಯ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ.

ಪ್ರೋಗ್ರಾಮ್ ಎಂಬುದು ಒಬ್ಬರೇ ಕೂತು ಪೂರ್ತಿ ಬರೆಯುವಂಥದಲ್ಲ, ಗೆಳೆಯರೇ. ಹಿಂದಿನವರು ಬರೆದಿಟ್ಟ ಕೋಡಿನ ಕಟ್ಟುಗಳಿರುತ್ತವೆ, ಅವನ್ನು ಲೈಬ್ರರಿ ಎನ್ನುತ್ತೇವೆ. ಬೇಕಾದ ತುಣುಕನ್ನು ಅದರ ಹೆಸರು ಹಿಡಿದು ಅಲ್ಲಿಂದ ಕರೆಸಿಕೊಳ್ಳುತ್ತೇವೆ. ನನ್ನ ಪರದೆ ಪಟ್ಟು ಹಿಡಿದು ಒಂದೇ ಮಾತು ಹೇಳುತ್ತಿತ್ತು: ‘ಒತ್ತಕ್ಷರ’ ಸಿಗುತ್ತಿಲ್ಲ. ಒತ್ತುಗಳನ್ನು ಚುಕ್ಕಿಗಳಾಗಿಸುವ ತುಣುಕಿನ ಹೆಸರು ಅದು. ಲೈಬ್ರರಿಗಳ ಒಳಗಿನ ಹೆಸರುಗಳನ್ನೆಲ್ಲ ಪಟ್ಟಿಮಾಡಿಸಿದರೆ, ಆ ಹೆಸರು ಒಂದೆರಡಲ್ಲ, ಹದಿನಾಲ್ಕು ಕಡೆ ಕಾಣಿಸಿತು. ಒಂದನ್ನು ಸೇರಿಸಿದರೆ ಅದು ಇನ್ನೆರಡು ಹೆಸರು ಕೇಳುತ್ತಿತ್ತು. ನಾಲ್ಕನೆಯದಕ್ಕೆ ನನ್ನ ಧೈರ್ಯ ಕುಸಿಯಿತು.

ಆಗ ನಾನೊಂದು ಕಳ್ಳದಾರಿ ಹಿಡಿದೆ. ‘ಒತ್ತಕ್ಷರ’ ಎಂಬ ಹೆಸರಿನಲ್ಲಿ ಏನೂ ಮಾಡದ ಒಂದು ಖಾಲಿ ತುಣುಕು ಬರೆದು ಸೇರಿಸಿದೆ. ಪರದೆ ಸುಮ್ಮನಾಯಿತು, ಯಂತ್ರ ಪಟಪಟನೆ ಪುಟ ಒತ್ತಿತು, ನಾನು ಗೆದ್ದವಳಂತೆ ಅದನ್ನು ಸರೋಜಮ್ಮನವರ ಮುಂದಿಟ್ಟೆ.

ಮೊದಲ ಸಾಲಿನಲ್ಲೇ ಅವರ ಬೆರಳು ನಿಂತಿತು.

“ಅಮಮ? ಅಕಕ? ಇದ್ಯಾವ ಭಾಷೆ ಮೇಡಂ?”

ಮಾಡಿದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಕಣ್ಣಿರೋ ಮಕ್ಳಾದ್ರೆ ಬಸ್ ಬೋರ್ಡು, ಅಂಗಡಿ ಬೋರ್ಡು ನೋಡಿ ತಿದ್ಕೊತಾವೆ ಕಣ್ರೀ. ಇವಕ್ಕೆ ಈ ಪುಸ್ತಕ ಒಂದೇ. ನಾವು ತಪ್ಪು ಕೊಟ್ರೆ ತಪ್ಪೇ ಕಲೀತಾವೆ,” ಎಂದಷ್ಟೇ ಅಂದರು. ಬೈದಿದ್ದರೇ ಹಗುರವಾಗುತ್ತಿತ್ತು. ಆಮೇಲೆ, “ಒತ್ತಕ್ಷರದ ಕೆಲಸ ಮಾಡಿದ್ದು ಪದ್ಮಾ ಮೇಡಂ. ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು. ಇರಿ, ಕೇಳೋಣ,” ಎಂದು ಬಾಯಿಪಾಠವಿದ್ದ ನಂಬರನ್ನು ಒತ್ತಿದರು.

ಪದ್ಮಾ ಈಗ ಸರ್ಜಾಪುರದಲ್ಲಿ ಸಸಿಗಳ ನರ್ಸರಿ ನಡೆಸುತ್ತಿದ್ದಾರೆ. ಫೋನಿನಲ್ಲಿ ಪೈಪಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನನ್ನ ಗೋಳು ಶುರುವಾದೊಡನೆ ಅದು ನಿಂತಿತು.

“ಯಾವ ಲೈಬ್ರರಿಗೆ ಹಾಕಿದ್ದೆ ಅಂತ ನೆನಪಿಲ್ಲಮ್ಮ. ಪಟ್ಟೀಲಿ ಪ್ರತಿ ಹೆಸರಿನ ಮುಂಚೆ ಒಂದು ಇಂಗ್ಲಿಷ್ ಅಕ್ಷರ ಇರುತ್ತಲ್ಲ, ನೋಡಿದ್ಯಾ?”

“ಇಲ್ಲ ಮೇಡಂ.”

“‘ಯು’ ಅಂತಿದ್ರೆ ಅದೂ ನಿನ್ನ ಥರಾನೇ ಹುಡುಕ್ತಾ ಇದೆ ಅಂತ. ‘ಟಿ’ ಅಂತಿದ್ರೆ ಅದರ ಹತ್ರಾನೇ ಇದೆ.”

ಬೆರಳಿಟ್ಟು ಇಳಿದೆ. ಯು, ಯು, ಯು... ಹದಿಮೂರು ಕಡೆಯೂ ಯು. ಒಂದೇ ಒಂದು ಟಿ. ಅದಿದ್ದ ಲೈಬ್ರರಿಯ ಹೆಸರು ‘ತಾತ್ಕಾಲಿಕ’.

ಪದ್ಮಾ ಜೋರಾಗಿ ನಕ್ಕರು. “ಅಯ್ಯೋ, ಒಂದು ವಾರಕ್ಕೆ ಅಂತ ಅಲ್ಲಿಟ್ಟಿದ್ದೆ ಕಣೇ! ಆ ಲೈಬ್ರರೀನ ಲೈಬ್ರರಿಗಳ ಸಾಲಿನ ಕೊನೇಲಿ ಸೇರಿಸು. ಕೇಳೋರೆಲ್ಲ ಮುಂದೆ, ಕೊಡೋರು ಹಿಂದೆ.”

ಸೇರಿಸಿದೆ. ನನ್ನ ಖಾಲಿ ತುಣುಕನ್ನು ಅಳಿಸಿದೆ. ಪುಟ ಬಂತು. ಸರೋಜಮ್ಮನವರ ಬೆರಳು ಎಲ್ಲೂ ಎಡವದೆ ಕೊನೆಯ ಸಾಲಿನವರೆಗೆ ಹರಿಯಿತು.

ಬದುಕಿನಲ್ಲಿಯೂ ಒಂದು ಹೆಸರನ್ನು ಬಲ್ಲವರು ಬಹಳ, ಆ ವಸ್ತುವನ್ನು ಬಳಿಯಿಟ್ಟುಕೊಂಡವರು ವಿರಳ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆದರೆ ಅಂದು ನನ್ನನ್ನು ಮಣಿಸಿದ್ದು ಅದಲ್ಲ. ಬಿಟ್ಟುಹೋದ ಕೆಲಸಕ್ಕಾಗಿ, ಮುಖಪರಿಚಯವೂ ಇಲ್ಲದವಳೊಬ್ಬಳಿಗಾಗಿ, ನಡುಹಗಲಲ್ಲಿ ನೀರು ನಿಲ್ಲಿಸಿ ನಿಂತ ಹೆಂಗಸಿನ ಆ ಸಹನೆ. ನಾನು ಉಣ್ಣುವ ಅನ್ನದಲ್ಲಿ ಇಂಥ ಎಷ್ಟು ಜನರ ಒಂದು ವಾರದ ಕೆಲಸ ಸದ್ದಿಲ್ಲದೆ ಉಳಿದುಕೊಂಡಿದೆಯೋ!

ಶನಿವಾರ ಪುಸ್ತಕಗಳು ಟೆಂಪೋ ಹತ್ತಿದವು. ನನ್ನ ನಂತರ ಬರುವವರು ಪರದಾಡದಿರಲೆಂದು, ಯಾವ ಹೆಸರು ಯಾವ ಲೈಬ್ರರಿಯಲ್ಲಿದೆ, ಬರೆದವರಾರು ಎಂದು ಒಂದು ಪುಟ ಟೈಪು ಮಾಡಿ ಗೋಡೆಗೆ ಅಂಟಿಸಿದೆ. “ನನಗೂ ಒಂದು ಪ್ರತಿ ಕೊಡಿ,” ಎಂದರು ಸರೋಜಮ್ಮ. ಯಂತ್ರ ಒತ್ತಿಕೊಟ್ಟ ಆ ಪುಟದಲ್ಲಿ ಒಂದು ಹೆಸರಿನ ಮೇಲೆ ಅವರ ಬೆರಳು ಎರಡು ಸಲ ಓಡಾಡಿತು.

“ಪದ್ಮಾ,” ಎಂದು ಓದಿದರು. “ದಕಾರಕ್ಕೆ ಮಕಾರದ ಒತ್ತು. ಸರಿಯಾಗಿ ಬಂದಿದೆ ಕಣ್ರೀ.”